ಹಾಸಿಗೆಯಿಂದ ಬಚ್ಚಲಿಗೆ ಹತ್ತು ಹೆಜ್ಜೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಸೀಮೆಯಲ್ಲಿ ವಯಸ್ಸಾದವರ ಸುದ್ದಿ ಬಂದಾಗ ಕೇಳಿಬರುವ ಮಾತುಗಳಲ್ಲಿ ‘ಬಿದ್ದು ಸೊಂಟ ಮುರಿದುಕೊಂಡು ಮೂಲೆ ಹಿಡಿದರು’ ಎಂಬುದು ಒಂದು. ಒಂದೇ ಉಸಿರಿನಲ್ಲಿ ಮುಗಿದುಹೋಗುವ ಈ ಮಾತಿನೊಳಗೆ ಎರಡು ಬೇರೆ ಸಂಗತಿಗಳಿವೆ: ಮುರಿದದ್ದು ಮೂಳೆಗೆ ಬಿದ್ದ ಪೆಟ್ಟಿನಿಂದ, ಮೂಲೆ ಹಿಡಿದದ್ದು ಆಮೇಲಿನ ತಿಂಗಳುಗಳಲ್ಲಿ ನಡೆಯಬೇಕಾದದ್ದು ನಡೆಯದೆ ಹೋದದ್ದರಿಂದ. ಮೊದಲನೆಯದನ್ನು ಶಸ್ತ್ರಚಿಕಿತ್ಸಕರು ಒಂದೆರಡು ಗಂಟೆಗಳಲ್ಲಿ ಸರಿಪಡಿಸಬಲ್ಲರು. ಎರಡನೆಯದನ್ನು ತಡೆಯುವ ಕೆಲಸ ಆಸ್ಪತ್ರೆಯ ವಾರ್ಡಿನಲ್ಲಿ ಆರಂಭವಾದರೂ, ಅದರ ಬಹುಪಾಲು ಮನೆಯ ಹಜಾರ, ಹೊಸ್ತಿಲು ಮತ್ತು ಬಚ್ಚಲಿನಲ್ಲಿಯೇ ಆಗಬೇಕು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೇ ಎಂಬ ಪ್ರಶ್ನೆಗೆ ಎಕ್ಸ್‌ರೇ ಹಾಳೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಉಳಿದರ್ಧವನ್ನು ಹೇಳಬೇಕಾದದ್ದು ಆ ಹಿರಿಯ ಜೀವ ತಾನಾಗಿ ಎದ್ದು, ನಡೆದು, ಮಿಂದು, ಬಟ್ಟೆ ಉಟ್ಟು ಜಗಲಿಗೆ ಬಂದು ಕೂರುವ ದಿನ.

ಮುರಿಯುವುದು ಯಾವುದು

ಜನ ಸೊಂಟವೆಂದು ಕರೆದರೂ ಇಂಥ ಬೀಳುವಿಕೆಯಲ್ಲಿ ಸಾಮಾನ್ಯವಾಗಿ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಈ ಮೂಳೆಯ ನೆತ್ತಿಯಲ್ಲಿ ಚೆಂಡಿನಂಥ ತಲೆಯಿದ್ದು, ಅದು ಸೊಂಟದ ಮೂಳೆಯ ಬಟ್ಟಲಿನಂಥ ಗುಳಿಯಲ್ಲಿ ತಿರುಗುತ್ತದೆ. ಆ ತಲೆಯನ್ನು ಮೂಳೆಯ ಕಾಂಡಕ್ಕೆ ಸೇರಿಸುವ ಓರೆಯಾದ ಸಣ್ಣ ಭಾಗಕ್ಕೆ ಕತ್ತು ಎಂದು ಹೆಸರು. ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚಾಗಿ ಈ ಕತ್ತನ್ನು ಅಪ್ಪಿಕೊಂಡೇ ಮೇಲೇರುವುದರಿಂದ, ಕತ್ತು ಮುರಿದು ಸರಿದರೆ ರಕ್ತ ಕಾಣದ ತಲೆ ಕ್ರಮೇಣ ಸಾಯುವ ಅಪಾಯವಿರುತ್ತದೆ. ಆದಕಾರಣ ವಯಸ್ಸಾದವರಲ್ಲಿ ಅದನ್ನು ಕೂಡಿಸಲು ಹೆಣಗುವುದಕ್ಕಿಂತ ತೆಗೆದುಹಾಕಿ ಲೋಹದ ತಲೆಯನ್ನು ಕೂರಿಸುವುದೇ ರೂಢಿಯಾಗಿದೆ. ಮುರಿತವು ಕತ್ತಿನ ಕೆಳಗೆ, ಸ್ನಾಯುಗಳು ಅಂಟಿಕೊಳ್ಳುವ ಎರಡು ಉಬ್ಬುಗಳ ನಡುವೆ ಆಗಿದ್ದರೆ ಅಲ್ಲಿ ರಕ್ತಪೂರೈಕೆ ಚೆನ್ನಾಗಿರುವುದರಿಂದ ಮೂಳೆ ಕೂಡಿಕೊಳ್ಳುತ್ತದೆ. ಆಗ ಸ್ಕ್ರೂ ಮತ್ತು ಪಟ್ಟಿಯನ್ನೋ ಮಜ್ಜೆಯ ಕೊಳವೆಯೊಳಗೆ ಇಳಿಬಿಡುವ ಸಲಾಕೆಯನ್ನೋ ಬಳಸುತ್ತಾರೆ.

ಈ ಭೇದ ವೈದ್ಯರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಕೀಲಿನ ತಲೆ ಬದಲಾಯಿಸಿದವರು, ಅದರಲ್ಲೂ ಕೀಲನ್ನು ಹಿಂಬದಿಯಿಂದ ತೆರೆದಿದ್ದರೆ, ಹೊಸ ತಲೆ ಗುಳಿಯಿಂದ ಜಾರದಂತೆ ಕೆಲವು ವಾರ ತೊಡೆಯನ್ನು ಹೊಟ್ಟೆಯ ಕಡೆಗೆ ಅತಿಯಾಗಿ ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ನೆಲದ ಮೇಲೆ ಕೂರಬಾರದು. ಸಲಾಕೆ ಹಾಕಿಸಿಕೊಂಡವರಿಗೆ ಈ ಭಯ ಅಷ್ಟಾಗಿ ಇಲ್ಲ. ‘ಕೀಲು ಬದಲಾಯಿಸಿದ್ದೋ, ಸಲಾಕೆ ಹಾಕಿದ್ದೋ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಎಷ್ಟು ದಿನ ಏನೇನು ಮಾಡಬಾರದು’ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಪಡೆಯದೆ ಯಾವ ಕುಟುಂಬವೂ ಆಸ್ಪತ್ರೆಯಿಂದ ಹೊರಡಬಾರದು.

ಎಬ್ಬಿಸುವುದಕ್ಕಾಗಿ ಶಸ್ತ್ರಚಿಕಿತ್ಸೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಈ ಮುರಿತಕ್ಕೆ ಇದ್ದ ಮುಖ್ಯ ಉಪಾಯವೆಂದರೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುವುದು. ಮೂಳೆ ಕೂಡುವ ಮೊದಲೇ ಶ್ವಾಸಕೋಶದಲ್ಲಿ ಕಫ ಕಟ್ಟಿಯೋ, ಬೆನ್ನಿಗೆ ಹಾಸಿಗೆ ಹುಣ್ಣಾಗಿಯೋ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಯೋ ಅನೇಕರು ತೀರಿಕೊಳ್ಳುತ್ತಿದ್ದರು. ಬೋಸ್ಟನ್ನಿನ ಸ್ಮಿತ್-ಪೀಟರ್ಸನ್ 1931ರಲ್ಲಿ ವಿವರಿಸಿದ ಮೂರು ಅಲಗಿನ ಮೊಳೆ, ಅನಂತರ ಜರ್ಮನಿಯ ಕುಂಟ್ಷರ್ ರೂಪಿಸಿದ ಮಜ್ಜೆಯೊಳಗಿನ ಸಲಾಕೆ, 1950ರ ದಶಕದಲ್ಲಿ ಅಮೆರಿಕದ ಆಸ್ಟಿನ್ ಮೂರ್ ಅವರ ಹೆಸರಿನಲ್ಲಿ ಬಳಕೆಗೆ ಬಂದ ಲೋಹದ ತಲೆ, ಇವೆಲ್ಲವುಗಳ ದೊಡ್ಡ ಉಪಕಾರವೆಂದರೆ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಲು ಸಾಧ್ಯವಾಗಿಸಿದ್ದು. ಹೀಗಿರುವಾಗ ಶಸ್ತ್ರಚಿಕಿತ್ಸೆ ಮಾಡಿಸಿಯೂ ತಿಂಗಳುಗಟ್ಟಲೆ ಮಲಗಿಸಿದರೆ, ಆ ಚಿಕಿತ್ಸೆ ಹುಟ್ಟಿದ ಉದ್ದೇಶವೇ ಮಣ್ಣುಪಾಲಾದಂತೆ.

ಮಲಗುವುದರ ಬೆಲೆ ಎಷ್ಟೆಂಬುದನ್ನು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅಳೆದು ತೋರಿಸಿತು. ಯಾವ ಕಾಯಿಲೆಯೂ ಇಲ್ಲದ ಹಿರಿಯರು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಅವರ ಕಾಲುಗಳ ಸ್ನಾಯು ಹೆಚ್ಚುಕಡಿಮೆ 1 ಕಿಲೋದಷ್ಟು ಕರಗಿಹೋಗಿತ್ತು. ಮುರಿತದ ನೋವು, ರಕ್ತನಷ್ಟ ಮತ್ತು ಹಸಿವಿಲ್ಲದ ದಿನಗಳನ್ನು ಅದಕ್ಕೆ ಸೇರಿಸಿದರೆ ಹಾಸಿಗೆ ಹಿಡಿದ ಅಜ್ಜಿಯ ಕಾಲು ಕಡ್ಡಿಯಂತಾಗುವುದೇಕೆ ಎಂಬುದು ತಿಳಿಯುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿ, ಅದರ ಮರುದಿನವೇ ರೋಗಿಯನ್ನು ನಿಲ್ಲಿಸಿ ನಡೆಸಲು ಆರಂಭಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಭಾರತವೂ ಸೇರಿದಂತೆ 17 ದೇಶಗಳ 2,970 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲವಾದರೂ, ಅವರು ಬೇಗ ಎದ್ದು ನಿಂತರು ಮತ್ತು ಸನ್ನಿ, ಅಂದರೆ ಆಸ್ಪತ್ರೆಯಲ್ಲಿ ಹಿರಿಯರಿಗೆ ಇದ್ದಕ್ಕಿದ್ದಂತೆ ಕವಿಯುವ ಬುದ್ಧಿಭ್ರಮೆ, ಅವರಲ್ಲಿ ಕಡಿಮೆ ಕಂಡಿತು. ಈ ಸನ್ನಿಯನ್ನು ವಯಸ್ಸಿನ ಅರಳುಮರಳೆಂದು ತಿಳಿದು ಕೈಬಿಡಬಾರದು. ಕನ್ನಡಕ, ಶ್ರವಣಯಂತ್ರ, ನೋವಿನ ಶಮನ, ನೀರು, ನಿದ್ದೆ, ಪಕ್ಕದಲ್ಲಿ ಪರಿಚಿತ ಮುಖ, ಇವುಗಳಿಂದ ಬಹುಮಟ್ಟಿಗೆ ತಿಳಿಯಾಗುವ ಸ್ಥಿತಿ ಅದು.

ಈ ಸೀಮೆಯಲ್ಲಿ ತಡವಾಗಲು ದಾರಿಗಳು ಹಲವು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು ಕೋಲಾರದಿಂದ ಸುಮಾರು 25ರಿಂದ 30 ಕಿಲೋಮೀಟರ್ ದೂರದಲ್ಲಷ್ಟೇ ಇವೆ; ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಿದೆ. ಆದರೂ ‘ಬರೀ ಉಳುಕಿರಬೇಕು’ ಎಂದು ಎಣ್ಣೆ ನೀವುತ್ತ ಕಳೆಯುವ ದಿನಗಳು ಕೆಲವು, ಗಡಿಯಾಚೆಯ ಆಂಧ್ರದ ಪುತ್ತೂರಿನ ಕಟ್ಟಿಗೆಂದು ಹೋಗಿಬರುವ ದಿನಗಳು ಕೆಲವು. ಪುತ್ತೂರು ಕಟ್ಟು ಈ ಭಾಗದಲ್ಲಿ ತಲೆಮಾರುಗಳಿಂದ ಜನ ನಂಬಿ ಬಂದದ್ದು. ಆದರೆ ತೊಡೆಮೂಳೆಯ ಕತ್ತು ದಪ್ಪ ಸ್ನಾಯುಗಳ ಆಳದಲ್ಲಿ ಹುದುಗಿರುವುದರಿಂದ ಹೊರಗಿನ ಯಾವ ಕಟ್ಟೂ ಅದನ್ನು ಅಲುಗದಂತೆ ಹಿಡಿಯಲಾರದು, ಮತ್ತು ರಕ್ತ ಕಳೆದುಕೊಂಡ ತಲೆ ಕಟ್ಟಿನಿಂದ ಬದುಕದು. ಬಿದ್ದ ಹಿರಿಯರು ಎದ್ದು ನಿಲ್ಲಲಾರದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ ಅದು ಕಟ್ಟಿಗಾಗಿ ಕಾಯುವ ಗಳಿಗೆಯಲ್ಲ, 108ಕ್ಕೆ ಕರೆ ಮಾಡುವ ಗಳಿಗೆ.

ಕೋಲಾರದ ನೀರು, ಕೋಲಾರದ ಮೂಳೆ

ಈ ಜಿಲ್ಲೆಯ ಹಿರಿಯರ ಮೂಳೆಗೆ ತನ್ನದೇ ಒಂದು ಚರಿತ್ರೆಯಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ದಶಕಗಳ ಕಾಲ ಕೊಳವೆಬಾವಿಯನ್ನೇ ನಂಬಿತು. ಬಾವಿಗಳು ಸಾವಿರ ಅಡಿ ದಾಟಿ ಇಳಿದಂತೆ ಗಟ್ಟಿಶಿಲೆಯ ಸಂದುಗಳಿಂದ ಬಂದ ನೀರಿನಲ್ಲಿ ಫ್ಲೋರೈಡ್ ಕೂಡ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ; ಜಿಲ್ಲೆಯ ಅನೇಕ ಹಳ್ಳಿಗಳ ನೀರು ಆ ಗೆರೆಯನ್ನು ದಾಟಿತ್ತು. ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಸೇರಿ ಮೂಳೆ ಮತ್ತು ಅದಕ್ಕಂಟಿದ ಸ್ನಾಯುರಜ್ಜುಗಳು ಗಡುಸಾಗುವ ರೋಗ, ಭಾರತದಲ್ಲಿ ಮೊದಲಿಗೆ 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ ವರದಿಯಾಯಿತು.

ಗಡುಸಾದ ಮೂಳೆ ಗಟ್ಟಿ ಮೂಳೆಯೆಂದು ತೋರಬಹುದು. ನಿಜ ಅದಕ್ಕೆ ವಿರುದ್ಧವಾಗಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಮೂಳೆಸವೆತವಿದ್ದ ಮಹಿಳೆಯರಿಗೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು 1990ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಬೆನ್ನುಮೂಳೆಯ ಸಾಂದ್ರತೆ ಗಣನೀಯವಾಗಿ ಏರಿತ್ತು, ಆದರೆ ಬೆನ್ನೆಲುಬಿನ ಮುರಿತಗಳು ಹೇಳುವಷ್ಟು ಇಳಿಯಲಿಲ್ಲ, ಉಳಿದೆಡೆಯ ಮುರಿತಗಳು ಹೆಚ್ಚಿದವು. ಚೀನಾದ ಹಳ್ಳಿಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದ್ದ ಕಡೆ ಸೊಂಟದ ಮುರಿತ ಹೆಚ್ಚಿದ್ದುದನ್ನು ಕಂಡಿತು. ಇದರಿಂದ ಕೋಲಾರಕ್ಕೆ ಎರಡು ಪಾಠಗಳಿವೆ. ಫ್ಲೋರೋಸಿಸ್ ಇರುವವರಲ್ಲಿ ಮೂಳೆ ಸಾಂದ್ರತೆಯ ಪರೀಕ್ಷೆ ಒಳ್ಳೆಯ ಅಂಕ ಕೊಟ್ಟರೂ ಅದನ್ನು ಬಲವೆಂದು ಓದಬಾರದು. ಅಲ್ಲದೆ, ಬೀಳುವ ಮೊದಲೇ ಬೆನ್ನು, ಮಂಡಿ, ಕತ್ತುಗಳು ಬಿಗಿದುಕೊಂಡಿದ್ದವರಿಗೆ ಮಣಿಯಲಾರದ ಮೈಯಿಂದಲೇ ಚೇತರಿಕೆ ಶುರುವಾಗುತ್ತದೆ. ಅಂಥವರಿಗೆ ಹೆಚ್ಚು ದಿನದ, ಹೆಚ್ಚು ಸಹನೆಯ ಅಭ್ಯಾಸ ಬೇಕು.

ಮರಳಿ ಬರುವ ಕ್ರಮ

ಹಿರಿಯರ ದಿನಚರಿಯನ್ನು ಅಳೆಯಲು ಇಂದು ಜಗತ್ತಿನಾದ್ಯಂತ ಬಳಸುವ ಒಂದು ಮಾಪನ ಹುಟ್ಟಿದ್ದೇ ಸೊಂಟ ಮುರಿದವರ ಹಾಸಿಗೆಯ ಪಕ್ಕದಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಇಂಥ ರೋಗಿಗಳನ್ನು ಗಮನಿಸಿ 1963ರಲ್ಲಿ ಆರು ಕೆಲಸಗಳ ಸೂಚಿಯನ್ನು ಪ್ರಕಟಿಸಿದರು: ಉಣ್ಣುವುದು, ಮಲಮೂತ್ರದ ಹಿಡಿತ, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಶೌಚಾಲಯಕ್ಕೆ ಹೋಗುವುದು, ಬಟ್ಟೆ ಉಡುವುದು, ಸ್ನಾನ ಮಾಡುವುದು. ಅವರು ಕಂಡ ಮುಖ್ಯ ಸಂಗತಿಯೆಂದರೆ ಈ ಶಕ್ತಿಗಳು ಮರಳುವುದರಲ್ಲಿ ಒಂದು ಕ್ರಮವಿದೆ. ಉಣ್ಣುವುದು ಮತ್ತು ಹಿಡಿತ ಮೊದಲು, ಏಳುವುದು ಮತ್ತು ಶೌಚ ಆಮೇಲೆ, ಉಡುವುದು ಮತ್ತು ಮೀಯುವುದು ಕಟ್ಟಕಡೆಗೆ. ಮಗು ಬೆಳೆಯುವಾಗ ಈ ಕೆಲಸಗಳನ್ನು ಕಲಿಯುವ ಕ್ರಮಕ್ಕೂ ಇದಕ್ಕೂ ಹೋಲಿಕೆಯಿರುವುದನ್ನು ಅವರು ಗುರುತಿಸಿದರು.

ಈ ಕ್ರಮವನ್ನು ಕೋಲಾರದ ಮನೆಯೊಂದಕ್ಕೆ ತಂದು ನೋಡಿದರೆ ಯಾವ ಹಂತದಲ್ಲಿ ಏನು ಅಡ್ಡ ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೊದಲನೆಯ ಹಂತದಲ್ಲಿ, ಮಣೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಮುದ್ದೆ ಉಂಡವರು ಈಗ ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂತು ಉಣ್ಣಬೇಕು. ಹಾಸಿಗೆಯಲ್ಲಿಯೇ ಬಾಯಿಗೆ ತುತ್ತಿಡುವುದಕ್ಕಿಂತ, ದಿನಕ್ಕೆ ಮೂರು ಹೊತ್ತಿನ ಊಟಕ್ಕೆ ಮೂರು ಸಲ ಎಬ್ಬಿಸಿ ಕೂರಿಸುವುದೇ ಮೊದಲ ವ್ಯಾಯಾಮ. ಮೂತ್ರದ ನಳಿಕೆಯನ್ನು ಸೌಕರ್ಯಕ್ಕೆಂದು ಉಳಿಸಿಕೊಳ್ಳದೆ ವೈದ್ಯರು ಒಪ್ಪಿದ ಕೂಡಲೇ ತೆಗೆಸಬೇಕು, ಏಕೆಂದರೆ ಅದು ಸೋಂಕನ್ನೂ ತರುತ್ತದೆ, ಏಳುವ ಕಾರಣವನ್ನೂ ಕಸಿದುಕೊಳ್ಳುತ್ತದೆ.

ಎರಡನೆಯ ಹಂತದಲ್ಲಿ ಮಂಚದ ಎತ್ತರವೇ ಮುಖ್ಯ. ಕೂತಾಗ ಮಂಡಿಗಿಂತ ಸೊಂಟ ತುಸು ಮೇಲಿರಬೇಕು. ತಗ್ಗಾದ ಮಂಚವಾದರೆ ಮಾಲೂರಿನ ಗೂಡುಗಳಲ್ಲಿ ಸುಟ್ಟ ಇಟ್ಟಿಗೆಗಳನ್ನು ನಾಲ್ಕು ಕಾಲಿಗೂ ಅಲುಗದಂತೆ ಕೊಟ್ಟು ಎತ್ತರಿಸಬಹುದು. ನಿಂತು ತೋಳು ಇಳಿಬಿಟ್ಟಾಗ ಮಣಿಕಟ್ಟಿನ ಎತ್ತರಕ್ಕೆ ಬರುವಂತೆ ವಾಕರನ್ನು ಹೊಂದಿಸಬೇಕು. ಮುಂದೆ ಊರುಗೋಲಿಗೆ ಬದಲಾಗುವಾಗ ಅದನ್ನು ಮುರಿದ ಕಾಲಿನ ಕಡೆಯಲ್ಲದೆ ಎದುರು ಕೈಯಲ್ಲಿ ಹಿಡಿಯಬೇಕು, ಏಕೆಂದರೆ ಹೆಜ್ಜೆಯಿಡುವಾಗ ಸೊಂಟದ ದುರ್ಬಲ ಸ್ನಾಯುವಿನ ಮೇಲೆ ಬೀಳುವ ಹೊರೆ ಆಗ ಇಳಿಯುತ್ತದೆ. ಜಗಲಿಯ ಮೆಟ್ಟಿಲಿಗೆ ಒಂದು ಸುಲಭ ಸೂತ್ರವಿದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಹಜಾರದಲ್ಲಿ ಹಾಸಿದ ಗೋಣಿತಾಟು, ಎಳೆದ ವಯರು, ನುಣುಪು ಟೈಲ್ಸಿನ ಮೇಲೆ ಚೆಲ್ಲಿದ ನೀರು, ಕತ್ತಲಲ್ಲಿ ಕಾಣದ ಹೊಸ್ತಿಲು, ಇವು ಎರಡನೆಯ ಮುರಿತಕ್ಕೆ ದಾರಿ.

ಕುಕ್ಕರುಗಾಲಿನಲ್ಲಿ ಕೂರುವ ಪಾಯಿಖಾನೆ ಅನೇಕ ಮನೆಗಳಲ್ಲಿ ಚೇತರಿಕೆಯನ್ನೇ ನಿಲ್ಲಿಸಿಬಿಡುವ ಅಡ್ಡಗೋಡೆ. ಅದರ ಮೇಲಿಡುವ ನಡುವೆ ತೂತಿರುವ ಕಮೋಡ್ ಕುರ್ಚಿಗೆ ಆಗುವ ವೆಚ್ಚ ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಅತ್ಯಲ್ಪ. ಆದರೂ ಮನೆಯವರ ಪಟ್ಟಿಯಲ್ಲಿ ಅದು ಕೊನೆಗೆ ನಿಲ್ಲುತ್ತದೆ. ಶೌಚಕ್ಕೆ ಏಳಲು ಹೆದರಿ ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಕಡಿಮೆಯಿಲ್ಲ, ಮತ್ತು ಆ ಬಾಯಾರಿಕೆಯ ಬೆನ್ನಿಗೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು ಸಾಲಾಗಿ ಬರುತ್ತವೆ.

ಉಪಚಾರ ಅಡ್ಡಿಯಾಗುವ ಬಗೆ

ಈ ದಾರಿಯಲ್ಲಿ ನೋವು, ಬಡತನಗಳಂತೆಯೇ ಪ್ರೀತಿಯೂ ಅಡ್ಡಿಯಾಗಬಹುದು. ‘ನೀನು ಎದ್ದೇಳಬೇಡ, ಎಲ್ಲ ನಾವೇ ಮಾಡ್ತೀವಿ’ ಎಂಬ ಮಕ್ಕಳ ಮಾತಿನಲ್ಲಿ ಕಪಟವಿಲ್ಲ. ಆದರೆ ಎಲ್ಲವನ್ನೂ ಮಾಡಿಕೊಡುವ ಉಪಚಾರದಲ್ಲಿ ಸ್ನಾಯುಗಳು ಸೊರಗುತ್ತವೆ, ಮತ್ತೆ ಬಿದ್ದೇನೆಂಬ ಭಯ ಬಲಿಯುತ್ತದೆ, ಮತ್ತು ಊರೆಲ್ಲ ಓಡಾಡಿ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸು ತನ್ನಿಂದ ಇನ್ನೇನೂ ಆಗದೆಂದು ನಂಬತೊಡಗುತ್ತಾಳೆ. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು ಮುಂತಾದ ಕೂತು ಮಾಡುವ ಕೆಲಸಗಳನ್ನು ಅವರ ಕೈಗೆ ಮರಳಿ ಕೊಡುವುದು ಕರುಣೆಯ ಕೊರತೆಯಲ್ಲ, ಅದು ಚಿಕಿತ್ಸೆಯ ಭಾಗ.

ಇನ್ನೊಂದು ಕಡೆ, ಮಗ ಸೊಸೆಯರು ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕೆಗಳಿಗೋ ಟೊಮೆಟೊ ಹೊಲ, ಮಾವಿನ ತೋಪುಗಳಿಗೋ ಹೋಗುವ ಮನೆಗಳಲ್ಲಿ ಹಿರಿಯರು ಹಗಲಿಡೀ ಒಂಟಿ. ಅಂಥವರಿಗೆ ಕೈಗೆಟುಕುವಲ್ಲಿ ವಾಕರ್, ನೀರು, ಫೋನು ಇರಬೇಕು. ನೆರೆಯವರೊಬ್ಬರು ಹೊತ್ತಿಗೊಮ್ಮೆ ಬಂದು ಹತ್ತು ಹೆಜ್ಜೆ ನಡೆಸುವ ಏರ್ಪಾಡು ಇರಬೇಕು. ಮನೆಯಲ್ಲೇ ಮಾಡುವ ಅಭ್ಯಾಸದಿಂದ ಫಲವಿದೆಯೇ ಎಂಬ ಅನುಮಾನ ಬೇಡ. ಆಸ್ಪತ್ರೆಯ ಫಿಸಿಯೋಥೆರಪಿ ಮುಗಿಸಿ ಹೋದವರಿಗೆ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಮುಂತಾದ ನಿತ್ಯದ ಚಲನೆಗಳನ್ನೇ ಕಲಿಸಿ, ಕಡಿಮೆ ಮೇಲ್ವಿಚಾರಣೆಯಲ್ಲಿ 6 ತಿಂಗಳು ಮಾಡಿಸಿದ ಅಮೆರಿಕದ ಪ್ರಯೋಗವೊಂದು, ಅವರ ಚಲನೆಯಲ್ಲಿ ಮಿತವಾದರೂ ನಿಜವಾದ ಸುಧಾರಣೆಯಾದದ್ದನ್ನು 2014ರಲ್ಲಿ ವರದಿ ಮಾಡಿತು.

ಸಹನೆಗೂ ಒಂದು ಅಳತೆಯಿದೆ. ಬಾಲ್ಟಿಮೋರಿನ ಸಂಶೋಧಕರು 2000ರಲ್ಲಿ ಪ್ರಕಟಿಸಿದಂತೆ ಮನಸ್ಸಿನ ಕುಗ್ಗು ಮತ್ತು ಕೈಗಳ ಕೆಲಸ ಸುಮಾರು 4 ತಿಂಗಳಲ್ಲಿ ತಾವು ತಲುಪಬಹುದಾದ ಮಟ್ಟಿಗೆ ಸುಧಾರಿಸಿದರೆ, ನಡಿಗೆ ಮತ್ತು ಸಮತೋಲನಕ್ಕೆ ಸುಮಾರು 9 ತಿಂಗಳು, ಕಾಲುಗಳಿಂದ ಆಗಬೇಕಾದ ನಿತ್ಯದ ಕೆಲಸಗಳಿಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಮೂರನೆಯ ತಿಂಗಳಿಗೇ ‘ಇನ್ನು ಇಷ್ಟೇ’ ಎಂದು ಕೈಚೆಲ್ಲುವ ಕುಟುಂಬ ಅರ್ಧ ದಾರಿಯಲ್ಲಿ ನಿಂತಂತೆ. ಎಲ್ಲರೂ ಮೊದಲಿನಂತಾಗುವರೆಂದು ಹೇಳಲಾಗದು. ಸರಿಸುಮಾರು ಅರ್ಧದಷ್ಟು ಜನ ಹಿಂದಿನ ನಡಿಗೆಯನ್ನು ಪೂರ್ತಿ ಮರಳಿ ಪಡೆಯುವುದಿಲ್ಲ. ಆದರೆ ಪೂರ್ತಿ ಮರಳದ ನಡಿಗೆಗೂ ಮೂಲೆ ಹಿಡಿದ ಬಾಳಿಗೂ ನಡುವೆ ಬಹಳ ಅಂತರವಿದೆ.

ಊಟ, ಔಷಧ, ಎರಡನೆಯ ಮುರಿತ

ಮೂಳೆಗೆ ಸುಣ್ಣದಂಶ ಬೇಕೆಂಬುದು ಎಲ್ಲರಿಗೂ ಗೊತ್ತು, ಮತ್ತು 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇರುವುದು ಮುದ್ದೆಯ ನಾಡಿನ ಭಾಗ್ಯ. ಆದರೆ ಕರಗಿದ ಸ್ನಾಯುವನ್ನು ಮರಳಿ ಕಟ್ಟಲು ಸಸಾರಜನಕ ಬೇಕು, ಅದು ರಾಗಿಯಲ್ಲಿ ಕಡಿಮೆ. ಆದಕಾರಣ ಮುದ್ದೆಯ ಜೊತೆ ಹುರುಳಿ, ಅವರೆ, ಹೆಸರುಕಾಳಿನ ಸಾರು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ ಇರಬೇಕು. ಮೂತ್ರಪಿಂಡದ ತೊಂದರೆ ಇರುವವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಗಂಜಿ ಮತ್ತು ಬಿಸ್ಕತ್ತಿನ ಮೇಲೆ ತಿಂಗಳು ತಳ್ಳಿದರೆ ವ್ಯಾಯಾಮಕ್ಕೆ ಫಲವಿರದು.

ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಸಂಭವ ಹೆಚ್ಚು. ಹೀಗಿದ್ದೂ ಮೂಳೆಸವೆತದ ಚಿಕಿತ್ಸೆ ಮರೆತುಹೋಗುತ್ತದೆ. ಸೊಂಟದ ಮುರಿತ ಸರಿಪಡಿಸಿದ 90 ದಿನಗಳೊಳಗೆ ಆರಂಭಿಸಿ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಟ್ಟ 5 ಮಿಲಿಗ್ರಾಂ ಜೊಲೆಡ್ರಾನಿಕ್ ಆಮ್ಲ ಹೊಸ ಮುರಿತಗಳನ್ನು ಶೇ 35ರಷ್ಟು, ಸಾವನ್ನು ಶೇ 28ರಷ್ಟು ತಗ್ಗಿಸಿದ್ದನ್ನು 2007ರ ಒಂದು ದೊಡ್ಡ ಪ್ರಯೋಗ ತೋರಿಸಿತು. ಇದು ಎಲ್ಲರಿಗೂ ಒಗ್ಗುವ ಔಷಧವಲ್ಲ. ಮೂತ್ರಪಿಂಡದ ಶಕ್ತಿ ಮತ್ತು ವಿಟಮಿನ್ ಡಿ ಮಟ್ಟವನ್ನು ಮೊದಲು ನೋಡಬೇಕು, ಫ್ಲೋರೋಸಿಸ್ ಇರುವಲ್ಲಿ ವೈದ್ಯರು ಮತ್ತೂ ವಿವೇಚಿಸಬೇಕು. ಜೊತೆಗೆ ಕಣ್ಣಿನ ಪೊರೆ, ನಿಂತಾಗ ಇಳಿಯುವ ರಕ್ತದೊತ್ತಡ, ನಿದ್ದೆಮಾತ್ರೆಗಳು ಬೀಳಲು ಕಾರಣವಾಗಿದ್ದವೇ ಎಂದು ಹುಡುಕದಿದ್ದರೆ ಬಿದ್ದ ಕಾರಣ ಮನೆಯಲ್ಲೇ ಉಳಿದಂತೆ.

ಬಾಗಿಲಿಗೆ ಬರುವ ಆರೋಗ್ಯ

ಮನೆಬಾಗಿಲಿಗೆ ಹೋಗಿ ಆರೋಗ್ಯ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದು ಕೋಲಾರ ಜಿಲ್ಲೆಯಲ್ಲಿಯೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರುಗಳನ್ನು ಹುಡುಕಲು ಹೊರಟ ಆ ತಂಡ ಹೇಗೂ ಹಿರಿಯರ ಹಾಸಿಗೆಯವರೆಗೆ ಹೋಗುತ್ತದೆ. ‘ಕಳೆದ ವರ್ಷ ಬಿದ್ದಿದ್ದಿರಾ, ತಾವಾಗಿ ಬಚ್ಚಲಿಗೆ ಹೋಗುತ್ತೀರಾ’ ಎಂಬ ಎರಡು ಪ್ರಶ್ನೆಗಳನ್ನು ಅದು ಕೂಡಿಸಿಕೊಂಡರೆ, ಮತ್ತು ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಪ್ರತಿಯೊಬ್ಬರ ಮನೆಗೂ ಮೊದಲ ಎರಡು ವಾರಗಳಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಒಮ್ಮೆಯಾದರೂ ಹೋಗುವಂತಾದರೆ, ಆಸ್ಪತ್ರೆಯ ಕೆಲಸ ಮನೆಯಲ್ಲಿ ಮುಂದುವರಿಯುತ್ತದೆ. ಆರು ಕೆಲಸಗಳ ಸೂಚಿಯನ್ನು ಒಂದು ಚೀಟಿಯಲ್ಲಿ ಬರೆದು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ, ತಿಂಗಳಿಗೊಮ್ಮೆ ಅದರಲ್ಲಿ ಎಷ್ಟು ಮರಳಿವೆಯೆಂದು ಗುರುತು ಹಾಕಲು ಯಾವ ಯಂತ್ರವೂ ಬೇಡ. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಹಿರಿಯರ ಮನೆಮಾತು ತೆಲುಗು ಆದುದರಿಂದ, ವ್ಯಾಯಾಮದ ಮಾತುಗಳು ಅವರು ಮಕ್ಕಳೊಡನೆ ಆಡುವ ಭಾಷೆಯಲ್ಲೇ ಇರಬೇಕು. ಅರ್ಥವಾಗದೆ ತಲೆಯಾಡಿಸಿದ ಸೂಚನೆ ಮನೆಗೆ ತಲುಪುವುದಿಲ್ಲ.

ಕಾಟ್ಜ್ ಅವರ ಪಟ್ಟಿಯಲ್ಲಿ ಕೊನೆಗೆ ಮರಳುವ ಕೆಲಸ ಸ್ನಾನ. ಅದಕ್ಕೆ ಬೇಕಾದದ್ದು ಒದ್ದೆಯಲ್ಲಿ ಜಾರದ ರಬ್ಬರು ಹಾಸು, ಗೋಡೆಗೆ ಬಿಗಿದ ಒಂದು ಹಿಡಿಕೆ, ಕೂರಲು ಎತ್ತರದ ಸ್ಟೂಲು, ಬಗ್ಗದೆ ಚೊಂಬಿಗೆ ಎಟುಕುವಂತೆ ಕಟ್ಟೆಯ ಮೇಲಿಟ್ಟ ನೀರು, ಮತ್ತು ಚಿಲಕ ಹಾಕದ ಬಾಗಿಲಿನ ಹೊರಗೆ ಕಾಯುವ ಒಬ್ಬರು. ಹಾಸಿಗೆಯಿಂದ ಅಲ್ಲಿಗೆ ಹತ್ತು ಹೆಜ್ಜೆ ಇರಬಹುದು. ಕ್ರಮಿಸಲು ಒಂದು ವರ್ಷ ಬೇಕಾಗಬಹುದು. ಆ ವರ್ಷವಿಡೀ ಮನೆಯವರು ಕಾಯುವುದನ್ನು ಕಲಿತರೆ, ಬಾಗಿಲ ಹೊರಗೆ ಕಾಯುವವರೂ ಒಂದು ದಿನ ಬೇಕಿಲ್ಲದಂತಾಗಬಹುದು.